ತೊಡೆಯ ಅಳತೆ

ಕೌಲ್ ಬಜಾರಿನ ಜೀನ್ಸ್ ಘಟಕದಲ್ಲಿ ನನ್ನ ಮೆಷೀನು
ಕಿಟಕಿಯಿಂದ ಮೂರನೆಯದು.
ಸೊಂಟ ತಿಪ್ಪಮ್ಮನದು, ಜೇಬು ಇಮಾಂಬಿಯದು,
ಒಳಗಾಲಿನ ಜೋಡುಹೊಲಿಗೆ ನನ್ನದು.
ಹನ್ನೆರಡು ವರ್ಷ ಬರೀ ತೊಡೆ ಹೊಲಿದವಳು ನಾನು.
ಅದಕ್ಕೇ, ತಮ್ಮನನ್ನು ಕಬ್ಬಿಣದ ಗೂಡಿನಿಂದ ತಂದು ಮಲಗಿಸಿದ ದಿನ
ಎಲ್ಲರೂ ಮುಖ ನೋಡಿದರು,
ನಾನು ತೊಡೆ ನೋಡಿದೆ. ಎಡದ್ದು ಉಳಿದಿತ್ತು.
ಕೊರಳಲ್ಲೇ ಮರೆತು ಬಂದಿದ್ದ ಟೇಪನ್ನು
ನರ್ಸಮ್ಮ ಬೈಯುತ್ತಲೇ ಸ್ಪಿರಿಟಿನಲ್ಲಿ ಅದ್ದಿಕೊಟ್ಟಳು.
ಇಪ್ಪತ್ತೊಂದೂವರೆ.

ಎರಡನೇ ಸೋಮವಾರ ಇಪ್ಪತ್ತು.
ಮೂರನೆಯದಕ್ಕೆ ಹದಿನೆಂಟೂಕಾಲು.
ಮೂಗಿನ ನಳಿಕೆಯಲ್ಲಿ ಗಂಜಿ ಇಳಿಯುತ್ತಲೇ ಇತ್ತು,
ತೊಡೆಯೂ ಇಳಿಯುತ್ತಲೇ ಇತ್ತು.
ಯಾರ ಹೊಟ್ಟೆಗೆ ಹೋಗುತ್ತಿದೆ ಇವನ ಊಟ? ಯಾರು ಕದ್ದರು?
ವಾರ್ಡಿಗೇ ಕೇಳುವಂತೆ ಕೂಗಾಡಿದೆ.

ಊಟದ ಲೆಕ್ಕ ಬರೆಯುವ ನಿಖತ್ ಮೇಡಂ
ಸ್ಟೂಲು ಎಳೆದುಕೊಂಡು ಕೂತರು.
ಕದ್ದಿಲ್ಲ ಹೊನ್ನೂರಮ್ಮ,
ಅವನೇ ಬಿಚ್ಚಿಕೊಡುತ್ತಿದ್ದಾನೆ.

ಮಾಂಸದೊಳಗೆ ಗ್ಲುಟಮಿನ್ ಅನ್ನೋದೊಂದಿದೆ.
ಸುಖದ ದಿನಗಳಲ್ಲಿ ಮೈ ತನಗೆ ಬೇಕಾದಷ್ಟು ತಾನೇ ಮಾಡಿಕೊಳ್ಳುತ್ತದೆ,
ಯಾರೂ ಅದರ ಹೆಸರು ಕೇಳುವುದಿಲ್ಲ.
ಚರ್ಮ ಹೋಯಿತೆಂದರೆ ಮೈಯೆಂಬುದು ಕದವಿಲ್ಲದ ಮನೆ.
ಬಿಳಿ ರಕ್ತಕಣಗಳು ಓಡಿ ಬರುತ್ತವೆ,
ಕೆಲವು ಕ್ರಿಮಿ ನುಂಗುತ್ತವೆ,
ಕೆಲವು ಒಂದು ಎರಡಾಗಿ, ಎರಡು ನಾಲ್ಕಾಗಿ ದಂಡು ಕಟ್ಟುತ್ತವೆ.
ಒಂದು ಎರಡಾಗಬೇಕಾದರೆ
ಒಳಗಿನ ದಾರವನ್ನೆಲ್ಲ ಇನ್ನೊಂದು ಸಲ ನೂಲಬೇಕು.
ನೂಲಿಗೂ ಅದೇ ಬೇಕು, ನೂಲುವವರ ಬುತ್ತಿಗೂ ಅದೇ.
ಸಕ್ಕರೆಯೊಂದೇ ಸಾಲದು.

ಸಿಗದಿದ್ದರೆ? ಅಂದೆ.
ಬರುತ್ತವೆ. ಬಂದು ನಿಲ್ಲುತ್ತವೆ. ಕೈ ಏಳುವುದಿಲ್ಲ.

ಅರ್ಜೆಂಟು ಆರ್ಡರಿಗೆ ಬಟ್ಟೆ ಸಾಲದಾದಾಗ
ನಮ್ಮ ಮಾಲೀಕ ಗೋದಾಮಿನಲ್ಲಿ ಹೊಲಿದಿಟ್ಟದ್ದನ್ನೇ ಬಿಚ್ಚಿಸುತ್ತಾನೆ.
ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ,
ಬ್ಲೇಡು ಜಾರಿದರೆ ಬಟ್ಟೆಯೂ ಹೋಯಿತು, ಬೆರಳೂ ಹೋಯಿತು.
ನನ್ನ ಎರ್ರಿಸ್ವಾಮಿ ಎಚ್ಚರವೇ ಇಲ್ಲದೆ
ಇರುಳೆಲ್ಲ ತನ್ನ ತೊಡೆ ಬಿಚ್ಚುತ್ತಿದ್ದ,
ಚೂರೂ ಸದ್ದಿಲ್ಲದೆ.
ನಾನು ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದೆ.

ಸಾಲದ್ದಕ್ಕೆ ಡಾಕ್ಟರು ಅದೇ ತೊಡೆಯ ತೊಗಲು ತೆಳ್ಳಗೆ ಸುಲಿದು
ಬೆನ್ನಿಗೆ ತೇಪೆ ಹಾಕಿದರು.
ಒಳಗಿನಿಂದಲೂ ಕೊಟ್ಟಿತು, ಹೊರಗಿನಿಂದಲೂ.

ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಅದೇ ಹೆಸರಿನ ಡಬ್ಬಿ ಸಿಕ್ಕಿತು.
ಬಿಳೀ ಪುಡಿ. ಆರುನೂರು ಕಾಲು ಹೊಲಿದ ದುಡ್ಡು.
ಸೆರಗಿನಲ್ಲಿ ಮುಚ್ಚಿಕೊಂಡು ತಂದೆ.
ಮೇಡಂ ಡಬ್ಬಿ ತಿರುಗಿಸಿ ತಿರುಗಿಸಿ ಓದಿದರು.
ನಾವೂ ಹೀಗೇ ನಂಬಿದ್ದೆವು, ಎಂದರು.
ಸುಟ್ಟುಕೊಂಡ ಸಾವಿರಕ್ಕೂ ಮೇಲಿನ ಜನರನ್ನು ಎರಡು ಪಾಲು ಮಾಡಿ
ಒಂದು ಪಾಲಿಗೆ ಇದನ್ನು ಕೊಟ್ಟು ನೋಡಿದ್ದಾರೆ.
ಸಿಕ್ಕವರೇನೂ ಬೇಗ ಮನೆಗೆ ಹೋಗಲಿಲ್ಲ.
ಕಿಡ್ನಿ ಸೋತವರಿಗೆ ಕೇಡೂ ಆದೀತು.
ಖಾಲಿಯಾದದ್ದನ್ನು ತುಂಬಿದರೆ ಆಯಿತು ಅನ್ನೋದು ನಮ್ಮ ಲೆಕ್ಕ,
ಮೈಯ ಲೆಕ್ಕದ ಪುಸ್ತಕ ನಮ್ಮ ಕೈಗೆ ಇನ್ನೂ ಪೂರ್ತಿ ಸಿಕ್ಕಿಲ್ಲ.
ಮೊಟ್ಟೆ ತನ್ನಿ, ತೊಗರಿಬೇಳೆಯ ಕಟ್ಟು ತನ್ನಿ.
ಗಾಯ ಮುಚ್ಚಲಿ. ಬಿಚ್ಚೋದು ನಿಂತೀತು.

ಅಂಗಡಿಯವನು ಡಬ್ಬಿ ವಾಪಸು ತೆಗೆದುಕೊಳ್ಳಲಿಲ್ಲ.
ಪುಡಿ ಚೆಲ್ಲಿ, ತೊಳೆದು,
ಹಿತ್ತಾಳೆ ಗುಂಡಿ ತುಂಬಿಟ್ಟಿದ್ದೇನೆ.

ಮಾಲೀಕನಿಗೆ ಹೇಳದೆ ಒಂದು ಪ್ಯಾಂಟು ಹೊಲಿದೆ,
ಅರಿಶಿನ ಬಣ್ಣದ ದಾರ, ಒಳಗೆ ಎರಡೆರಡು ಇಂಚು ಬಟ್ಟೆ ಬಿಟ್ಟು.
ಹಳೆಯ ತೊಡೆ ಯಾವ ಕಾಲಕ್ಕೆ ಬರುತ್ತದೋ,
ಬಂದರೆ ಜಾಗ ಇರಲಿ.

ಇವತ್ತು ಸೋಮವಾರ. ಟೇಪು ಸುತ್ತಿದೆ.
ಎಷ್ಟಕ್ಕಾ? ಅಂದ, ಮೊದಲ ಸಲ.
ಹದಿನೇಳೂ ಮುಕ್ಕಾಲು.
ಹೋದ ವಾರವೂ ಅಷ್ಟೇ ಇತ್ತು.